ದೂರದ ಒಪ್ಪಂದ, ಊರಿನ ಠರಾವು

ರಾಷ್ಟ್ರಾತೀತ ಸಂಸ್ಥೆಗಳ ನಿರ್ಣಯಗಳು ಗ್ರಾಮ ಪಂಚಾಯಿತಿಯನ್ನು ತಲುಪುವ ಬಗೆ

(ಹಳೇ ಹುಬ್ಬಳ್ಳಿಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಲಾದ ಉಪನ್ಯಾಸದ ಪಠ್ಯ)



ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ನಡೆದುಹೋಗುವವರಿಗೆ ಮನೆಗಳ ಮುಂದೆ ಇಟ್ಟ ನೀರಿನ ಬ್ಯಾರಲ್‌ಗಳು ಕಾಣದಿರುವುದಿಲ್ಲ. ನಳಕ್ಕೆ ನೀರು ಬರುವ ದಿನವನ್ನು ಬೆರಳೆಣಿಸಿ, ಮನೆಯ ಕೆಲಸಕಾರ್ಯಗಳನ್ನು ಅದಕ್ಕೆ ಹೊಂದಿಸಿಕೊಂಡು ಬದುಕುವುದನ್ನು ಈ ಊರಿನ ಕುಟುಂಬಗಳು ಹಲವು ದಶಕಗಳಿಂದ ರೂಢಿಸಿಕೊಂಡಿವೆ. ಆ ನಳಕ್ಕೆ ಬರುವ ನೀರಿನ ದಾರಿಯೂ ಹಳ್ಳಿಗಳ ಮೂಲಕವೇ ಹಾದುಬರುತ್ತದೆ. ಸವದತ್ತಿಯ ಮಲಪ್ರಭಾ ಜಲಾಶಯದಿಂದ ಬರುವ ನೀರು ಧಾರವಾಡ ತಾಲ್ಲೂಕಿನ ಅಮ್ಮಿನಬಾವಿಯಲ್ಲಿ ಶುದ್ಧೀಕರಣಗೊಳ್ಳುತ್ತದೆ. ನೀರಸಾಗರದ ಕೆರೆ ಇರುವುದು ಕಲಘಟಗಿ ತಾಲ್ಲೂಕಿನ ದುಮ್ಮವಾಡದ ಬಳಿ.

ನೀರಿನ ಈ ದಾರಿ ಎಲ್ಲರಿಗೂ ಗೊತ್ತು. ಅದೇ ನಳಕ್ಕೆ ಬರುವ ಇನ್ನೊಂದು ದಾರಿ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಅದು ಕಾಗದಪತ್ರಗಳ ದಾರಿ. ವಾಷಿಂಗ್ಟನ್ನಿನಲ್ಲಿ ಮಂಜೂರಾದ ಸಾಲ, ದಿಲ್ಲಿಯಲ್ಲಿ ಬಿದ್ದ ಸಹಿ, ಬೆಂಗಳೂರಿನಲ್ಲಿ ಅಂಗೀಕಾರವಾದ ನೀತಿ, ಹುಬ್ಬಳ್ಳಿಯಲ್ಲಿ ಕೂಡಿಸಿದ ಮೀಟರ್ ಇವೆಲ್ಲ ಆ ದಾರಿಯ ನಿಲ್ದಾಣಗಳು. ಹಳ್ಳಿಗಳ ನಳಗಳಿಗೂ ಇಂತಹುದೇ ದಾರಿಯೊಂದಿದೆ. ಅದರ ಕೊನೆಯ ನಿಲ್ದಾಣ ಗ್ರಾಮ ಪಂಚಾಯಿತಿಯ ಸಭಾಂಗಣ, ಕೊನೆಯ ಕಾಗದ ಪಂಚಾಯಿತಿಯ ಠರಾವು. ಆ ಠರಾವು ತಿಳಿದು ಮಾಡಿದ್ದೋ ತಿಳಿಯದೆ ಮಾಡಿದ್ದೋ ಎಂಬುದರ ಮೇಲೆ ಊರಿನ ಹಿತ ನಿಂತಿರುತ್ತದೆ. ಈ ಉಪನ್ಯಾಸದ ವಿಷಯವೂ ಇದೇ.

ರಾಷ್ಟ್ರಾತೀತ ಸಂಸ್ಥೆ ಎಂದರೇನು

ಹಲವು ದೇಶಗಳು ಸೇರಿ ಕಟ್ಟಿಕೊಂಡ, ಆ ದೇಶಗಳ ಕಾನೂನು ಹಾಗೂ ನೀತಿಗಳ ಮೇಲೆ ಪ್ರಭಾವ ಬೀರುವ ಸಂಸ್ಥೆಗಳಲ್ಲಿ ಎರಡು ಬಗೆಯುಂಟು. ಮೊದಲ ಬಗೆಗೆ ಐರೋಪ್ಯ ಒಕ್ಕೂಟ ಉತ್ತಮ ಉದಾಹರಣೆ. ಅದರ 27 ಸದಸ್ಯ ರಾಷ್ಟ್ರಗಳು ತಮ್ಮ ಶಾಸನಾಧಿಕಾರದ ಒಂದು ಪಾಲನ್ನು ಒಕ್ಕೂಟಕ್ಕೆ ಒಪ್ಪಿಸಿವೆ. ಒಕ್ಕೂಟದ ನಿಯಮವೊಂದು ಹೊರಬಿದ್ದರೆ ಅದು ಫ್ರಾನ್ಸಿನಲ್ಲಾಗಲಿ ಜರ್ಮನಿಯಲ್ಲಾಗಲಿ ನೇರವಾಗಿ ಜಾರಿಗೆ ಬರುತ್ತದೆ. ದೇಶದ ಕಾನೂನಿಗೂ ಒಕ್ಕೂಟದ ಕಾನೂನಿಗೂ ಘರ್ಷಣೆಯಾದಾಗ ಒಕ್ಕೂಟದ್ದೇ ಮೇಲು ಎಂದು ಅದರ ನ್ಯಾಯಾಲಯ 1964ರಲ್ಲಿಯೇ ತೀರ್ಪಿತ್ತಿದೆ. ಪೂರ್ಣಾರ್ಥದಲ್ಲಿ ರಾಷ್ಟ್ರಾತೀತ ಎನ್ನಬಹುದಾದದ್ದು ಇಂತಹ ವ್ಯವಸ್ಥೆಯನ್ನೇ.

ಭಾರತ ಅಂತಹ ಯಾವ ಒಕ್ಕೂಟಕ್ಕೂ ಸೇರಿಲ್ಲ. ಭಾರತ ಸದಸ್ಯತ್ವ ಹೊಂದಿರುವ ವಿಶ್ವಸಂಸ್ಥೆ, ವಿಶ್ವ ಬ್ಯಾಂಕ್, ವಿಶ್ವ ವ್ಯಾಪಾರ ಸಂಘಟನೆ ಮೊದಲಾದವು ಎರಡನೆಯ ಬಗೆಯವು. ಇವುಗಳ ಮಾತು ತಾನಾಗಿಯೇ ಭಾರತದ ಕಾನೂನಾಗದು. ಅದು ಒಡಂಬಡಿಕೆ, ಸಾಲ ಮತ್ತು ಮಾನದಂಡ ಎಂಬ ಮೂರು ಬಾಗಿಲುಗಳಲ್ಲಿ ಒಂದನ್ನು ದಾಟಿ ಒಳಗೆ ಬರಬೇಕು. ಮೊದಲಿನ ಎರಡು ಬಾಗಿಲುಗಳನ್ನು ತೆರೆಯುವವರು ಈ ದೇಶದವರೇ. ಮೂರನೆಯದು ಸಂತೆಯ ಬಾಗಿಲು; ಅದರ ಕೀಲಿ ಸರಕು ಕೊಳ್ಳುವವರ ಕೈಯಲ್ಲಿದೆ.

ಒಡಂಬಡಿಕೆಯ ಬಾಗಿಲು

ಅಂತರರಾಷ್ಟ್ರೀಯ ಒಡಂಬಡಿಕೆಗಳಿಗೆ ಸಹಿ ಹಾಕುವ ಅಧಿಕಾರ ಕೇಂದ್ರ ಸರ್ಕಾರದ್ದು. ಸಂವಿಧಾನದ 253ನೆಯ ವಿಧಿಯ ಪ್ರಕಾರ, ಒಡಂಬಡಿಕೆಯನ್ನು ಜಾರಿಗೊಳಿಸುವ ಸಲುವಾಗಿ ಸಂಸತ್ತು ಯಾವ ವಿಷಯದ ಮೇಲಾದರೂ ಕಾನೂನು ಮಾಡಬಹುದು. ಆ ವಿಷಯ ರಾಜ್ಯಪಟ್ಟಿಯಲ್ಲಿದ್ದರೂ ಸರಿಯೇ. ಕೃಷಿ, ಸಾರ್ವಜನಿಕ ಆರೋಗ್ಯ, ನೀರು, ಸ್ಥಳೀಯ ಆಡಳಿತ ಇವು ರಾಜ್ಯಪಟ್ಟಿಯ ವಿಷಯಗಳು. ಇವೇ ಪಂಚಾಯಿತಿಯ ದಿನನಿತ್ಯದ ಕೆಲಸಗಳೂ ಹೌದು. ಹೀಗಾಗಿ 253ನೆಯ ವಿಧಿಯ ಪರಿಣಾಮ ಗ್ರಾಮ ಪಂಚಾಯಿತಿಯವರೆಗೂ ಇಳಿದು ಬರಬಲ್ಲದು.

ಧಾರವಾಡ ಜಿಲ್ಲೆಯಲ್ಲಿಯೇ ಇದಕ್ಕೆ ನಿದರ್ಶನಗಳಿವೆ. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಘಟನೆ ಅಸ್ತಿತ್ವಕ್ಕೆ ಬಂದಾಗ ಬೌದ್ಧಿಕ ಆಸ್ತಿ ಹಕ್ಕುಗಳ ಒಪ್ಪಂದವೂ ಜೊತೆಯಲ್ಲಿ ಬಂದಿತು. ಒಂದು ಸರಕಿನ ಊರುಹೆಸರಿಗೆ ಅದರ ಸ್ವದೇಶದಲ್ಲಿಯೇ ರಕ್ಷಣೆ ಇಲ್ಲದಿದ್ದರೆ ಬೇರೆ ದೇಶಗಳು ಅದನ್ನು ರಕ್ಷಿಸಬೇಕಾಗಿಲ್ಲ ಎಂದು ಆ ಒಪ್ಪಂದ ಹೇಳುತ್ತದೆ. ಆದ್ದರಿಂದ ಸಂಸತ್ತು 1999ರಲ್ಲಿ ಭೌಗೋಳಿಕ ಸೂಚಿಕೆಗಳ ಕಾಯ್ದೆಯನ್ನು ಮಾಡಿತು; 2003ರ ಸೆಪ್ಟೆಂಬರ್ 15ರಿಂದ ಅದು ಜಾರಿಯಲ್ಲಿದೆ. ಧಾರವಾಡ ಪೇಢಾ, ನವಲಗುಂದದ ಜಮಖಾನ, ಕಸೂತಿ, ನೆರೆಯ ಹಾವೇರಿ ಜಿಲ್ಲೆಯ ಊರಿನ ಹೆಸರು ಹೊತ್ತ ಬ್ಯಾಡಗಿ ಮೆಣಸಿನಕಾಯಿ ಇವೆಲ್ಲ ಜಿಐ ಮಾನ್ಯತೆ ಪಡೆದದ್ದು ಈ ಕಾಯ್ದೆಯಡಿಯಲ್ಲಿಯೇ.

ಇಲ್ಲಿ ಸದಸ್ಯರು ಗಮನಿಸಬೇಕಾದ ಅಂಶವೊಂದಿದೆ. ಸರಕಿಗೆ ಮಾನ್ಯತೆ ದೊರೆತ ಮಾತ್ರಕ್ಕೆ ಅದನ್ನು ತಯಾರಿಸುವ ಪ್ರತಿಯೊಬ್ಬರಿಗೂ ಹಕ್ಕು ದೊರೆಯುವುದಿಲ್ಲ. ಜಮಖಾನ ನೇಯುವ ಮಹಿಳೆಯಾಗಲಿ ಮೆಣಸಿನಕಾಯಿ ಬೆಳೆಯುವ ರೈತನಾಗಲಿ 'ಅಧಿಕೃತ ಬಳಕೆದಾರ'ರೆಂದು ಹೆಸರು ನೋಂದಾಯಿಸಿಕೊಳ್ಳಬೇಕು. ನೋಂದಣಿಯನ್ನು ಹತ್ತು ವರ್ಷಗಳಿಗೊಮ್ಮೆ ನವೀಕರಿಸಬೇಕು. ದೂರದ ಒಪ್ಪಂದವೊಂದು ಊರಿಗೆ ತಂದ ಹಕ್ಕು ಊರಿನವರಿಗೆ ತಿಳಿಯದೇ ಹೋದರೆ ಅದರ ಲಾಭ ತಿಳಿದವರ ಪಾಲಾಗುತ್ತದೆ. ಕುಶಲಕರ್ಮಿಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ, ಯಾರು ನೋಂದಾಯಿಸಿದ್ದಾರೆ, ಯಾರು ಇಲ್ಲ ಎಂದು ಕೇಳುವುದಕ್ಕೆ ಯಾವ ಅನುದಾನವೂ ಬೇಕಿಲ್ಲ.

ಮಕ್ಕಳ ಗ್ರಾಮಸಭೆಯ ಮೂಲವೂ ಇಂತಹ ಒಡಂಬಡಿಕೆಯಲ್ಲಿದೆ. ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರ ಡಿಸೆಂಬರ್ 11ರಂದು ಒಪ್ಪಿಕೊಂಡಿತು. ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಮಕ್ಕಳ ಅಭಿಪ್ರಾಯವನ್ನು ಕೇಳಬೇಕೆಂಬುದು ಅದರ 12ನೆಯ ವಿಧಿ. ಶಾಲೆಯ ಶೌಚಾಲಯಕ್ಕೆ ಬಾಗಿಲಿಲ್ಲವೆಂದು ಗ್ರಾಮಸಭೆಯಲ್ಲಿ ಎದ್ದುನಿಂತು ಹೇಳುವ ಬಾಲಕಿಯ ಹಿಂದೆ ಆ ವಿಧಿಯ ಬಲವಿದೆ. ಅದೇ ರೀತಿ ವಿಕಲಚೇತನರ ಹಕ್ಕುಗಳ ಒಡಂಬಡಿಕೆಗೆ ಭಾರತ 2007ರಲ್ಲಿ ಅನುಮೋದನೆ ನೀಡಿತು. 2016ರ ಕಾಯ್ದೆ ಅದನ್ನು ಜಾರಿಗೊಳಿಸಲೆಂದೇ ಬಂದದ್ದು.

ಸಂಸತ್ತು ಕಾನೂನು ಮಾಡದಿದ್ದಾಗಲೂ ಒಡಂಬಡಿಕೆ ನಿಷ್ಫಲವಾಗುವುದಿಲ್ಲ. ರಾಜಸ್ಥಾನದ ಹಳ್ಳಿಯೊಂದರ ಕಾರ್ಯಕರ್ತೆಯ ಮೇಲಾದ ದೌರ್ಜನ್ಯದ ಹಿನ್ನೆಲೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1997ರಲ್ಲಿ ವಿಶಾಖಾ ತೀರ್ಪು ನೀಡಿತು. ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣೆಯ ಒಡಂಬಡಿಕೆಯನ್ನು ಆಧಾರವಾಗಿಟ್ಟುಕೊಂಡು ಕೆಲಸದ ಸ್ಥಳಗಳಿಗೆ ಮಾರ್ಗಸೂಚಿ ವಿಧಿಸಿತು. ಅದು ಕಾಯ್ದೆಯಾದದ್ದು 2013ರಲ್ಲಿ. ನಡುವಿನ ಹದಿನಾರು ವರ್ಷ ಆ ತೀರ್ಪೇ ಕಾನೂನಾಗಿ ನಡೆಯಿತು.

ಸಾಲದ ಬಾಗಿಲು

ಸಂವಿಧಾನದ 293ನೆಯ ವಿಧಿಯ ಪ್ರಕಾರ ರಾಜ್ಯಗಳು ಭಾರತದ ಒಳಗೆ ಮಾತ್ರ ಸಾಲ ಎತ್ತಬಹುದು. ಆದ್ದರಿಂದ ವಿಶ್ವ ಬ್ಯಾಂಕಿನ ಸಾಲಕ್ಕೆ ಕೇಂದ್ರ ಸರ್ಕಾರ ಸಹಿ ಹಾಕಿ, ಹಣವನ್ನು ರಾಜ್ಯಕ್ಕೆ ವರ್ಗಾಯಿಸುತ್ತದೆ. 12ನೆಯ ಹಣಕಾಸು ಆಯೋಗದ ಶಿಫಾರಸಿನ ನಂತರ ಸಾಲದ ಷರತ್ತುಗಳೂ ಡಾಲರ್ ಬೆಲೆಯ ಏರಿಳಿತದ ಹೊರೆಯೂ ರಾಜ್ಯಕ್ಕೇ ವರ್ಗವಾಗುತ್ತವೆ. ಸಹಿ ದಿಲ್ಲಿಯದು, ಯೋಜನೆ ಬೆಂಗಳೂರಿನದು, ಫಲವೂ ಭಾರವೂ ಊರಿನವು.

ಹುಬ್ಬಳ್ಳಿ-ಧಾರವಾಡದ ನೀರಿನ ಕಥೆ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಸಾಲಕ್ಕೆ ಮುನ್ನವೇ, 2003ರಲ್ಲಿ, ರಾಜ್ಯವು ನಗರ ಕುಡಿಯುವ ನೀರು ಮತ್ತು ನೈರ್ಮಲ್ಯ ನೀತಿಯನ್ನು ಅಂಗೀಕರಿಸಿತು. ನೀರು ಪೂರೈಕೆಯ ವೆಚ್ಚವನ್ನು ದರದ ಮೂಲಕ ಹಂತಹಂತವಾಗಿ ವಸೂಲು ಮಾಡುವುದು, ಖಾಸಗಿಯವರ ಪಾಲ್ಗೊಳ್ಳುವಿಕೆಗೆ ಅವಕಾಶ ನೀಡುವುದು ಆ ನೀತಿಯ ಮುಖ್ಯ ದಿಕ್ಕುಗಳಾಗಿದ್ದವು. 2004ರ ಏಪ್ರಿಲ್‌ನಲ್ಲಿ ವಿಶ್ವ ಬ್ಯಾಂಕ್ ಕರ್ನಾಟಕ ನಗರ ನೀರು ವಲಯ ಸುಧಾರಣಾ ಯೋಜನೆಗೆ 3 ಕೋಟಿ 95 ಲಕ್ಷ ಡಾಲರ್ ಸಾಲ ಮಂಜೂರು ಮಾಡಿತು. ಕೆಯುಐಡಿಎಫ್‌ಸಿಯ ಹೊಣೆಯಲ್ಲಿ ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಮತ್ತು ಕಲಬುರಗಿಗಳ ಆಯ್ದ ವಲಯಗಳಲ್ಲಿ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ನಡೆಯಿತು. ಹಳೆಯ ಕೊಳವೆಗಳನ್ನು ತೆಗೆದು ಹೊಸದನ್ನು ಹಾಕಲಾಯಿತು. ಮನೆಮನೆಗೆ ಮೀಟರ್ ಬಂದಿತು. ನಿರ್ವಹಣೆಯನ್ನು ಖಾಸಗಿ ನಿರ್ವಾಹಕರಿಗೆ ವಹಿಸಲಾಯಿತು. 2008ರಿಂದ ಆ ವಲಯಗಳಲ್ಲಿ ನಿರಂತರ ನೀರು ಹರಿಯತೊಡಗಿತು.

ಪ್ರಯೋಗದ ಫಲವನ್ನು ಅಳೆದವರೂ ಇದ್ದಾರೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹುಬ್ಬಳ್ಳಿ-ಧಾರವಾಡದಲ್ಲಿ ನಿರಂತರ ನೀರಿನ ವಲಯಗಳನ್ನೂ, ಕೆಲವು ದಿನಗಳಿಗೊಮ್ಮೆ ನೀರು ಬರುವ ವಲಯಗಳನ್ನೂ ಹೋಲಿಸಿ ನೋಡಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿರಂತರ ನೀರಿನ ನಳಗಳಲ್ಲಿ ಕಲ್ಮಶ ಕಡಿಮೆ ಕಂಡುಬಂದಿತು. ಐದು ವರ್ಷದೊಳಗಿನ ಮಕ್ಕಳ ಒಟ್ಟಾರೆ ಅತಿಸಾರದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಬಡ ಕುಟುಂಬಗಳ ಮಕ್ಕಳಲ್ಲಿ ರಕ್ತಭೇದಿ ಕಡಿಮೆಯಾಗಿತ್ತು. ಕೊಳವೆ ಖಾಲಿಯಾಗಿದ್ದಾಗ ಸುತ್ತಲಿನ ಹೊಲಸು ನೀರು ಬಿರುಕುಗಳಿಂದ ಒಳಗೆ ಸೇರುತ್ತದೆ. ಕೊಳವೆ ಸದಾ ತುಂಬಿ ಒತ್ತಡದಲ್ಲಿದ್ದರೆ ಸೇರುವುದಿಲ್ಲ. ಈ ಸಂಗತಿ ಹಳ್ಳಿಯ ಕೊಳವೆಗೂ ಅಷ್ಟೇ ಸತ್ಯ.

ಹಾಗಿದ್ದರೆ ಆಕ್ಷೇಪವೇಕೆ ಬಂದಿತು? ಪ್ರಯೋಗ ತಲುಪಿದ್ದು ಈ ನಗರಗಳ ಜನರಲ್ಲಿ ಸುಮಾರು ಹತ್ತನೆಯ ಒಂದು ಪಾಲಿಗೆ ಮಾತ್ರ. ಒಂದು ಬಡಾವಣೆಗೆ ಹಗಲಿರುಳು ನೀರು, ಇನ್ನೊಂದು ಓಣಿಗೆ ವಾರದ ಕಾಯುವಿಕೆ ಎಂಬ ಸ್ಥಿತಿ ವರ್ಷಗಟ್ಟಲೆ ಮುಂದುವರಿಯಿತು. ಇಡೀ ನಗರಕ್ಕೆ ವಿಸ್ತರಿಸುವ ಯೋಜನೆಗೆ ವಿಶ್ವ ಬ್ಯಾಂಕಿನ 10 ಕೋಟಿ ಡಾಲರ್ ಸಾಲ ಮಂಜೂರಾದದ್ದು 2016ರಲ್ಲಿ. ಮೀಟರ್ ಬಂದರೆ ಬಡವರು ಹೇಗೆ ಕಟ್ಟಬೇಕು, ಸಾರ್ವಜನಿಕ ನಳಗಳ ಗತಿಯೇನು, ದರ ನಿಗದಿ ಮಾಡುವವರು ಯಾರು, ತಪ್ಪಾದರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗಳೂ ಹುಟ್ಟಿಕೊಂಡವು. ಈ ಪ್ರಶ್ನೆಗಳನ್ನು ಅಭಿವೃದ್ಧಿಗೆ ಅಡ್ಡಿ ಎಂದು ತಳ್ಳಿಹಾಕುವುದು ಸರಿಯಲ್ಲ. ಇವು ಚುನಾಯಿತ ಸಭೆ ತಾನೇ ಮೊದಲು ಎತ್ತಬೇಕಾದ ಪ್ರಶ್ನೆಗಳು.

ಹಳ್ಳಿಗೆ ಬಂದ ಸಾಲ

ನಗರಕ್ಕಿಂತ ಮೊದಲೇ ವಿಶ್ವ ಬ್ಯಾಂಕಿನ ನೀರಿನ ಹಣ ಹಳ್ಳಿಗೆ ಬಂದಿತ್ತು ಎಂಬುದನ್ನು ಹಿರಿಯ ಸದಸ್ಯರು ಬಲ್ಲರು. 2001ರ ಡಿಸೆಂಬರ್‌ನಲ್ಲಿ 15 ಕೋಟಿ 16 ಲಕ್ಷ ಡಾಲರ್ ನೆರವು ಮಂಜೂರಾದ ಜಲನಿರ್ಮಲ ಯೋಜನೆ ಧಾರವಾಡವೂ ಸೇರಿದಂತೆ ಉತ್ತರ ಕರ್ನಾಟಕದ 11 ಜಿಲ್ಲೆಗಳಲ್ಲಿ ನಡೆಯಿತು. ಅದರ ತತ್ತ್ವಗಳು ಅಂದಿಗೆ ಹೊಸವು. ಊರಿನವರು ತಾವಾಗಿ ಬೇಡಿಕೆ ಸಲ್ಲಿಸಬೇಕು, ವೆಚ್ಚದ ಒಂದು ಪಾಲನ್ನು ತಾವೇ ಭರಿಸಬೇಕು, ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ರಚಿಸಿಕೊಳ್ಳಬೇಕು, ಕಾಮಗಾರಿ ಮುಗಿದ ಮೇಲೆ ನಿರ್ವಹಣೆಯ ಹೊಣೆಯನ್ನು ಪಂಚಾಯಿತಿ ಹೊರಬೇಕು.

ಈ ತತ್ತ್ವಗಳ ಹಿಂದೆ ಜಗತ್ತಿನಾದ್ಯಂತ ನಡೆದ ಒಂದು ಚರ್ಚೆಯಿದೆ. 1992ರಲ್ಲಿ ಡಬ್ಲಿನ್ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನವು ನೀರಿಗೆ ಆರ್ಥಿಕ ಮೌಲ್ಯವಿದೆ, ಅದನ್ನು ಆರ್ಥಿಕ ಸರಕೆಂದು ಗುರುತಿಸಬೇಕು ಎಂದು ಸಾರಿತು. 2010ರ ಜುಲೈ 28ರಂದು ವಿಶ್ವಸಂಸ್ಥೆಯ ಮಹಾಸಭೆಯು ಶುದ್ಧ ಕುಡಿಯುವ ನೀರು ಮತ್ತು ನೈರ್ಮಲ್ಯ ಮಾನವ ಹಕ್ಕೆಂದು ನಿರ್ಣಯಿಸಿತು. ಭಾರತ ಅದರ ಪರವಾಗಿ ಮತ ನೀಡಿತು. ಒಂದು ಮಾತು ನೀರಿಗೆ ಬೆಲೆಯಿದೆ ಎನ್ನುತ್ತದೆ, ಇನ್ನೊಂದು ನೀರು ಹಕ್ಕು ಎನ್ನುತ್ತದೆ. ಎರಡೂ ಮಾತುಗಳು ಜಗತ್ತನ್ನೆಲ್ಲ ಸುತ್ತಿ ಬಂದು ಕೊನೆಗೆ ಎದುರುಬದುರಾಗುವುದು ಪಂಚಾಯಿತಿಯ ನೀರಿನ ದರದ ಠರಾವಿನಲ್ಲಿ.

ದರವನ್ನು ಕಡಿಮೆ ಇಟ್ಟು ವಸೂಲಿ ಮಾಡದೆ ಹೋದರೆ ಹೆಸ್ಕಾಂ ಬಿಲ್ಲು ಬಾಕಿ ಉಳಿಯುತ್ತದೆ, ನೀರುಗಂಟಿಯ ವೇತನ ನಿಲ್ಲುತ್ತದೆ, ಸುಟ್ಟ ಮೋಟಾರು ದುರಸ್ತಿಯಾಗುವುದಿಲ್ಲ. ಆಗ ಮೊದಲು ತೊಂದರೆಗೆ ಸಿಲುಕುವವರು ಸ್ವಂತ ಕೊಳವೆಬಾವಿ ಇಲ್ಲದ ಬಡವರೇ. ದರವನ್ನು ಎಲ್ಲರಿಗೂ ಒಂದೇ ಸಮನೆ ಏರಿಸಿ, ಕಟ್ಟದವರ ನಳ ಕತ್ತರಿಸಿದರೆ ಅದೇ ಬಡವರ ಹಕ್ಕು ಹೋಗುತ್ತದೆ. ಇವೆರಡರ ನಡುವಿನ ದಾರಿಯನ್ನು ವಿಶ್ವ ಬ್ಯಾಂಕ್ ಹೇಳಲಾರದು, ವಿಶ್ವಸಂಸ್ಥೆಯೂ ಹೇಳಲಾರದು. ಯಾವ ಮನೆಯಲ್ಲಿ ವಿಧವೆ ತಾಯಿ ಒಬ್ಬಳೇ ಇದ್ದಾಳೆ, ಯಾವ ಮನೆಯ ನಳದಿಂದ ದನದ ಕೊಟ್ಟಿಗೆಗೂ ಹಿತ್ತಲಿಗೂ ನೀರು ಹರಿಯುತ್ತಿದೆ ಎಂಬುದು ಗೊತ್ತಿರುವುದು ಆ ವಾರ್ಡಿನ ಸದಸ್ಯರಿಗೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993 ನೀರಿನ ದರ ವಿಧಿಸುವ ಅಧಿಕಾರವನ್ನು ಗ್ರಾಮ ಪಂಚಾಯಿತಿಗೆ ಕೊಟ್ಟಿರುವುದರ ಅರ್ಥ ಇದೇ.

ಸಾಲದ ಯೋಜನೆಗಳಿಗೆ ಅಂತ್ಯದ ದಿನಾಂಕವಿರುತ್ತದೆ. ಅವು ಬಿಟ್ಟುಹೋದ ತತ್ತ್ವಗಳಿಗೆ ಇರುವುದಿಲ್ಲ. ಸಮುದಾಯದ ವಂತಿಕೆ, ನೀರಿನ ಸಮಿತಿ, ನಿರ್ವಹಣೆಯ ಸ್ಥಳೀಯ ಹೊಣೆ ಇವು 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ನಿನ ಮಾರ್ಗಸೂಚಿಯಲ್ಲಿಯೂ ಇವೆ. ಗ್ರಾಮದೊಳಗಿನ ಕಾಮಗಾರಿಯ ವೆಚ್ಚದಲ್ಲಿ ಸಾಮಾನ್ಯವಾಗಿ ಶೇ. 10 ಸಮುದಾಯದ ಪಾಲೆಂದು ಅದು ಹೇಳುತ್ತದೆ. ಹೀಗೆ ಸಾಲದ ಷರತ್ತಾಗಿ ಬಂದ ವಿಚಾರ ದೇಶದ ನೀತಿಯಾಗಿ ನೆಲೆಗೊಳ್ಳುವುದು ರಾಷ್ಟ್ರಾತೀತ ಪ್ರಭಾವದ ಸದ್ದಿಲ್ಲದ, ಆದರೆ ಬಹುಕಾಲ ಉಳಿಯುವ ರೂಪ.

ಮಾನದಂಡದ ಬಾಗಿಲು

ಮೂರನೆಯ ಬಾಗಿಲಿನಲ್ಲಿ ಸಹಿಯೂ ಇಲ್ಲ, ಸದಸ್ಯತ್ವವೂ ಇಲ್ಲ. ಕುಂದಗೋಳ, ಹುಬ್ಬಳ್ಳಿ, ನವಲಗುಂದ ಭಾಗದ ರೈತರು ಬೆಳೆಯುವ ಒಣಮೆಣಸಿನಕಾಯಿ ಐರೋಪ್ಯ ದೇಶಗಳಿಗೆ ಹೋಗಬೇಕಾದರೆ ಅಫ್ಲಾಟಾಕ್ಸಿನ್ ಎಂಬ ಶಿಲೀಂಧ್ರ ವಿಷದ ಪ್ರಮಾಣ ಮಿತಿಯೊಳಗಿರಬೇಕು. ಐರೋಪ್ಯ ಒಕ್ಕೂಟದ ನಿಯಮದಂತೆ ಆ ಮಿತಿ ಕಿಲೋಗೆ ಒಟ್ಟು 10 ಮೈಕ್ರೋಗ್ರಾಂ. ಅದರಲ್ಲಿ ಬಿ1 ಎಂಬ ಬಗೆ 5 ಮೈಕ್ರೋಗ್ರಾಂ ಮೀರಬಾರದು. ಆ ನಿಯಮ ಮಾಡಿದ ಸಭೆಯಲ್ಲಿ ಭಾರತಕ್ಕೆ ಆಸನವಿರಲಿಲ್ಲ. ಆದರೂ ಕಾಯಿ ಸರಿಯಾಗಿ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ, ಬೂಷ್ಟು ಹಿಡಿದ ಮಾಲು ತಿರಸ್ಕೃತವಾಗುತ್ತದೆ, ನಷ್ಟ ಬೆಳೆದವರಿಗೆ ಬರುತ್ತದೆ. ನೆಲದ ಮೇಲೆ, ರಸ್ತೆಯ ಬದಿಯಲ್ಲಿ ಕಾಯಿ ಹರವುವ ಬದಲು ಸಿಮೆಂಟಿನ ಒಣಕಣವೊಂದು ಊರಲ್ಲಿರಬೇಕೆಂದು ಪಂಚಾಯಿತಿ ತನ್ನ ಅಭಿವೃದ್ಧಿ ಯೋಜನೆಯಲ್ಲಿ ಬೇಡಿಕೆ ಮುಂದಿಟ್ಟರೆ, ದೂರದ ನಿಯಮಕ್ಕೆ ಊರಿನಿಂದ ಕೊಟ್ಟ ಉತ್ತರ ಅದಾಗುತ್ತದೆ. ಅದೇ ಬೂಷ್ಟಿನ ವಿಷ ಊರಿನವರ ಊಟದಲ್ಲಿಯೂ ಸೇರುವುದರಿಂದ ಆ ಕಣ ರಫ್ತಿಗೆ ಮಾತ್ರ ಬೇಕಾದದ್ದಲ್ಲ.

ಪ್ರಭಾವ ಹಿಂದಕ್ಕೂ ಹರಿಯುತ್ತದೆ

ಪ್ರಭಾವ ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುತ್ತದೆಂದು ಭಾವಿಸಬೇಕಾಗಿಲ್ಲ. ನರ್ಮದಾ ಕಣಿವೆಯ ಸರ್ದಾರ್ ಸರೋವರ ಯೋಜನೆಯ ಸಂತ್ರಸ್ತರ ಹೋರಾಟದಿಂದಾಗಿ ವಿಶ್ವ ಬ್ಯಾಂಕ್ ಸ್ವತಂತ್ರ ಪರಿಶೀಲನೆ ನಡೆಸಬೇಕಾಯಿತು. 1992ರಲ್ಲಿ ಬಂದ ಆ ವರದಿ ಯೋಜನೆಯ ಪುನರ್ವಸತಿಯ ಲೋಪಗಳನ್ನು ಎತ್ತಿ ತೋರಿಸಿತು. 1993ರ ಮಾರ್ಚ್‌ನಲ್ಲಿ ಭಾರತ ಉಳಿದ ಸಾಲವನ್ನು ಕೈಬಿಟ್ಟಿತು. ಅದೇ ವರ್ಷ ಬ್ಯಾಂಕು ತನ್ನದೇ ತಪ್ಪುಗಳನ್ನು ವಿಚಾರಿಸುವ ತಪಾಸಣಾ ಮಂಡಳಿಯೊಂದನ್ನು ಸ್ಥಾಪಿಸಿತು. ಬ್ಯಾಂಕಿನ ನೆರವಿನ ಯೋಜನೆಯಿಂದ ಬಾಧಿತರಾದ ಇಬ್ಬರು ಅಥವಾ ಹೆಚ್ಚಿನ ಜನ ಅದಕ್ಕೆ ನೇರವಾಗಿ ದೂರು ಸಲ್ಲಿಸಬಹುದು. ಕರ್ನಾಟಕದಲ್ಲಿಯೂ ಕೃಷ್ಣಾ ಮೇಲ್ದಂಡೆ ಯೋಜನೆಯ ಪುನರ್ವಸತಿ ಸಮರ್ಪಕವಾಗಿಲ್ಲವೆಂಬ ಕಾರಣಕ್ಕೆ 1990ರ ದಶಕದಲ್ಲಿ ಬ್ಯಾಂಕು ಹಣ ಬಿಡುಗಡೆಯನ್ನು ತಡೆಹಿಡಿದದ್ದುಂಟು. ಮುಳುಗಡೆಯ ಹಳ್ಳಿಗಳ ಅಳಲು ಅಷ್ಟು ದೂರ ಮುಟ್ಟಿತ್ತು. ಜಗತ್ತಿನ ದೊಡ್ಡ ಸಂಸ್ಥೆಗಳೂ ಕೇಳುವವರಿದ್ದರೆ ಉತ್ತರ ಕೊಡುತ್ತವೆ, ಕೇಳುವವರಿಲ್ಲದಿದ್ದರೆ ಮುಂದೆ ಸಾಗುತ್ತವೆ.

ಠರಾವಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

ಹೊರಗಿನ ನೆರವಿನ ಯೋಜನೆಯಾಗಲಿ, ಹೊಸ ಮಾರ್ಗಸೂಚಿಯಾಗಲಿ ಸಭೆಯ ಮುಂದೆ ಬಂದಾಗ ಸದಸ್ಯರು ಕೆಳಗಿನ ಪ್ರಶ್ನೆಗಳನ್ನು ಪಿಡಿಒ ಅವರ ಮುಂದಿಟ್ಟು, ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸುವುದು ಉಚಿತ.

1. ಈ ಷರತ್ತಿನ ಮೂಲ ಯಾವುದು? ಕಾನೂನೋ, ಸಾಲದ ಒಪ್ಪಂದವೋ, ಬರಿಯ ಮಾರ್ಗಸೂಚಿಯೋ? ಕಾನೂನನ್ನು ಪಾಲಿಸಲೇಬೇಕು, ಒಪ್ಪಂದದ ಪ್ರತಿಯನ್ನು ಕೇಳಿ ಓದಬೇಕು, ಮಾರ್ಗಸೂಚಿಯನ್ನು ಊರಿನ ಸ್ಥಿತಿಗೆ ಹೊಂದಿಸಲು ಎಷ್ಟು ಅವಕಾಶವಿದೆಯೆಂದು ತಿಳಿಯಬೇಕು.

2. ಕನ್ನಡದಲ್ಲಿ ಪ್ರತಿ ಇದೆಯೇ? ಅರ್ಥವಾಗದ ಭಾಷೆಯ ಕಾಗದಕ್ಕೆ ಒಪ್ಪಿಗೆ ಸೂಚಿಸುವುದು ಒಪ್ಪಿಗೆಯಾಗಲಾರದು.

3. ಯೋಜನೆ ಮುಗಿದ ಮರುವರ್ಷದಿಂದ ವಿದ್ಯುತ್, ದುರಸ್ತಿ, ಸಿಬ್ಬಂದಿಯ ವೆಚ್ಚವೆಷ್ಟು, ಅದರ ಆದಾಯದ ಮೂಲ ಯಾವುದು?

4. ದರ ಅಥವಾ ವಂತಿಕೆ ಕಟ್ಟಲಾಗದ ಮನೆಗಳು ಯಾವುವು, ಅವರಿಗೆ ಏನು ವ್ಯವಸ್ಥೆ?

5. ಗ್ರಾಮಸಭೆಯಲ್ಲಿ ಚರ್ಚೆಯಾಗಿದೆಯೇ? ತಪ್ಪಾದರೆ ದೂರು ಯಾರಿಗೆ, ಎಷ್ಟು ದಿನಗಳಲ್ಲಿ ಉತ್ತರ?

ಈ ಐದು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ ಮಾಡಿದ ಠರಾವಿನಲ್ಲಿ ಊರಿನ ನಿರ್ಧಾರವಿರುತ್ತದೆ. ಉತ್ತರವಿಲ್ಲದೆ ಮಾಡಿದ ಠರಾವಿನಲ್ಲಿ ಬೇರೆಲ್ಲೋ ಆದ ನಿರ್ಧಾರಕ್ಕೆ ಊರಿನ ಸಹಿ ಮಾತ್ರ ಇರುತ್ತದೆ. ಹಳೇ ಹುಬ್ಬಳ್ಳಿಯ ಓಣಿಯಲ್ಲಿ ನಳದ ಮುಂದೆ ಕೊಡ ಹಿಡಿದು ಕಾಯುವ ತಾಯಿಗೂ ದುಮ್ಮವಾಡದ ಕೆರೆಯಂಚಿನಲ್ಲಿ ಬದುಕುವ ರೈತನಿಗೂ ಡಬ್ಲಿನ್, ವಾಷಿಂಗ್ಟನ್‌ಗಳ ಸಭೆಗೆ ಹೋಗುವ ದಾರಿಯಿಲ್ಲ. ಅವರು ಹೋಗಬಹುದಾದ ಸಭೆ ಗ್ರಾಮಸಭೆ, ವಾರ್ಡ್ ಸಭೆ. ಅಲ್ಲಿ ಅವರ ಮಾತಿಗೆ ತೂಕವಿರಬೇಕಾದರೆ ಅವರು ಆರಿಸಿದ ಸದಸ್ಯರು ಕಾಗದವನ್ನು ಓದಿ ಬಂದಿರಬೇಕು.